ತಮೋದ್ರವ್ಯ ವಿಚಾರ: ಲೋಡ್‌ಶೆಡ್ಡಿಂಗ್ ಕುರಿತು ಒಂದು ಶಾಸ್ತ್ರೀಯ ಜಿಜ್ಞಾಸೆ

ಕತ್ತಲೆ ಒಂದು ವಸ್ತುವೋ, ಬರೀ ಬೆಳಕಿನ ಗೈರುಹಾಜರಿಯೋ? ಈ ಪ್ರಶ್ನೆಗಾಗಿ ನಮ್ಮ ದಾರ್ಶನಿಕರು ಶತಮಾನಗಟ್ಟಲೆ ಕಾದಾಡಿದ್ದಾರೆ. ಕತ್ತಲೆಗೆ ಕಪ್ಪು ಬಣ್ಣವಿದೆ, ದೀಪ ಸರಿದರೆ ಅದೂ ಸರಿಯುತ್ತದೆ. ಗುಣವೂ ಉಂಟು, ಕ್ರಿಯೆಯೂ ಉಂಟು, ಆದ್ದರಿಂದ ಅದು ದ್ರವ್ಯವೇ ಎಂದರು ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ. ತೇಜಸ್ಸು ಇಲ್ಲದಿರುವುದಕ್ಕೇ ತಮಸ್ಸು ಅನ್ನುತ್ತೇವೆ, ಮಿಕ್ಕದ್ದೆಲ್ಲ ಭ್ರಮೆ ಎಂದರು. ಎರಡೂ ಕಡೆಯವರು ಹರಳೆಣ್ಣೆ ದೀಪದ ಕಾಲದವರಾದ್ದರಿಂದ ವಾದ ಇತ್ಯರ್ಥವಾಗದೆ ಉಳಿಯಿತು. ಅವರ ಕಾಲದಲ್ಲಿ ಎಸ್ಕಾಂಗಳು ಇದ್ದಿದ್ದರೆ ಒಂದೇ ಬೇಸಿಗೆಯಲ್ಲಿ ತೀರ್ಮಾನವಾಗುತ್ತಿತ್ತು. ಕತ್ತಲೆಯನ್ನು ಹಂಚಲು ಬರುತ್ತದೆ. ಅದಕ್ಕೆ ವೇಳಾಪಟ್ಟಿ ಹಾಕಲು ಬರುತ್ತದೆ. ಈ ಫೀಡರಿನದನ್ನು ಆ ಫೀಡರಿಗೆ ವರ್ಗಾಯಿಸಲು, ಹತ್ತನೇ ತರಗತಿ ಪರೀಕ್ಷೆಗೆ ಸಡಿಲಿಸಲು, ಮತದಾನದ ವಾರದಲ್ಲಿ ಪೂರ್ತಿ ಹಿಂಪಡೆಯಲು ಬರುತ್ತದೆ. ಹಂಚಲು ಬರುವುದು ದ್ರವ್ಯ. ಮೀಮಾಂಸಕರೇ ಗೆದ್ದರು.

ಆದರೂ ಶಾಸ್ತ್ರಮರ್ಯಾದೆಗಾಗಿ ಪೂರ್ವಪಕ್ಷವನ್ನು ಕೇಳಬೇಕು. ಬೇಡಿಕೆ ಇಷ್ಟು, ಉತ್ಪಾದನೆ ಅಷ್ಟು, ಕಳೆದರೆ ಬರುವುದೇ ಕೊರತೆ ಎಂಬುದು ಎಂಜಿನಿಯರುಗಳ ಮತ. ಲಿಂಗನಮಕ್ಕಿಯ ನೀರು 1819 ಅಡಿಗೆ ಎಷ್ಟು ಕಡಿಮೆಯಿದೆ, ರಾಯಚೂರು ಸ್ಥಾವರದ ಅಂಗಳದಲ್ಲಿರುವ ಕಲ್ಲಿದ್ದಲು ಇನ್ನೆಷ್ಟು ದಿನಕ್ಕೆ ಸಾಕು ಎಂಬ ಎರಡು ಅಂಕಿಗಳ ಮೇಲೆ ಈ ಮತ ನಿಂತಿದೆ. (ಯುಗಾದಿಯ ಪಂಚಾಂಗ ಶ್ರವಣದಲ್ಲಿ ಆದಾಯ ವ್ಯಯದ ಜತೆ ಇವೆರಡನ್ನೂ ಸೇರಿಸಬಹುದು.) ಆದರೆ ಕೊರತೆ ಬರೀ ಕಳೆಯುವ ಲೆಕ್ಕವಾಗಿದ್ದರೆ ಅದು ಎಲ್ಲರ ಮೇಲೂ ಸಮನಾಗಿ ಬೀಳಬೇಕಿತ್ತು. ವಿಧಾನಸೌಧದ ಮೇಲೂ ಯಾದಗಿರಿಯ ತಾಂಡಾದ ಮೇಲೂ ಒಂದೇ ಹೊತ್ತಿಗೆ, ಒಂದೇ ತೂಕದಲ್ಲಿ. ಹಾಗೆ ಬಿದ್ದದ್ದನ್ನು ಕಂಡವರಿಲ್ಲ. ಎಂಜಿನಿಯರ ಮತ ಇಲ್ಲಿಗೆ ಖಂಡಿತವಾಯಿತು.

ಈ ದ್ರವ್ಯದ ಹಂಚಿಕೆ ವಿದ್ಯುತ್ತಿನ ಜನನದೊಂದಿಗೇ ಶುರುವಾಗಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ನೇರ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಅಷ್ಟು ಉದ್ದದ ತಂತಿ ಆಗ ಜಗತ್ತಿನಲ್ಲೇ ಅಪರೂಪ. ಅದನ್ನು ಕನಸಿದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ದಾರಿಯುದ್ದಕ್ಕೂ ತಲೆಯ ಮೇಲೆ ತಂತಿ ಹೊತ್ತು ನಿಂತ ಹಳ್ಳಿಗಳಿಗೆ ಯಾವಾಗ ಬಂತೆಂಬುದನ್ನು ಯಾರೂ ಸಂಭ್ರಮದಿಂದ ಬರೆದಿಟ್ಟಿಲ್ಲ. ಹೀಗೆ ಲೋಕದ ಊರುಗಳು ಎರಡಾದವು: ತಂತಿ ಇಳಿಯುವ ಊರು, ತಂತಿ ಹಾದುಹೋಗುವ ಊರು. ನೂರಿಪ್ಪತ್ತು ವರ್ಷದ ಇಂಧನ ನೀತಿಯೆಲ್ಲ ಈ ವಿಭಜನೆಗೆ ಬರೆದ ಭಾಷ್ಯವೇ.

ಸೋತ ನೈಯಾಯಿಕರಿಂದಲೂ ನಾವು ಸಾಲ ಪಡೆಯಬೇಕಾದದ್ದಿದೆ. ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿಟ್ಟವರು ಅವರು. ವಿದ್ಯುತ್ ಇಲಾಖೆಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಸಿಕ್ಕಲಾರದು. ಮಡಕೆ ಹುಟ್ಟುವ ಮೊದಲು ಮಡಕೆ ಇಲ್ಲದಿರುವುದು ಪ್ರಾಗಭಾವ. ಕರೆಂಟು ಇನ್ನೂ ಬಾರದ ಹಳ್ಳಿಯದು ಈ ಸ್ಥಿತಿ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ ವಿದ್ಯುತ್ ತಲುಪಿ, ದೇಶದ ಪ್ರತಿಯೊಂದು ಹಳ್ಳಿಯೂ ವಿದ್ಯುದೀಕರಣಗೊಂಡಿದೆಯೆಂದು ಕೇಂದ್ರ ಸರ್ಕಾರ ಸಾರಿತು. ಸರ್ಕಾರಿ ವ್ಯಾಖ್ಯೆಯಲ್ಲಿ ಶಾಲೆ, ಪಂಚಾಯಿತಿ ಕಚೇರಿಯಂಥ ಸಾರ್ವಜನಿಕ ಜಾಗಗಳಿಗೂ ಶೇ 10ರಷ್ಟು ಮನೆಗಳಿಗೂ ಸಂಪರ್ಕವಿದ್ದರೆ ಊರು ವಿದ್ಯುದೀಕೃತ. ನೂರು ಮನೆಯ ಊರಿನಲ್ಲಿ ಹತ್ತು ಮನೆ ಬೆಳಗಿದರೆ ತೊಂಬತ್ತು ಮನೆಯ ಕತ್ತಲೆ ಕಡತದಿಂದ ಮಾಯ. ಶಂಕರಾಚಾರ್ಯರಿಗೂ ಮಾಯೆಯನ್ನು ಶೇಕಡಾವಾರು ಲೆಕ್ಕದಲ್ಲಿ ಸಾಧಿಸಲು ಆಗಿರಲಿಲ್ಲ.

ಮಡಕೆ ಒಡೆದ ಮೇಲೆ ಇಲ್ಲವಾಗುವುದು ಪ್ರಧ್ವಂಸಾಭಾವ. ಲೋಕರೂಢಿಯಲ್ಲಿ ‘ಟಿಸಿ ಸುಟ್ಟಿದೆ’. ಇದಕ್ಕೆ ಹೆಚ್ಚಿನ ವಿವರಣೆ ಬೇಡ. ಅತ್ಯಂತಾಭಾವವೆಂದರೆ ಮೂರೂ ಕಾಲದಲ್ಲಿ ಇಲ್ಲದಿರುವುದು, ಉದಾಹರಣೆಗೆ ಬೇಸಿಗೆ ಮಧ್ಯಾಹ್ನ ದೂರು ಕೊಡುವ ನಂಬರಿನ ಆಚೆ ತುದಿಯ ಧ್ವನಿ. ಇದು ಅದಲ್ಲ, ಅದು ಇದಲ್ಲ ಎಂಬುದು ಅನ್ಯೋನ್ಯಾಭಾವ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆ ಫೀಡರನ್ನೂ ಪಂಪ್‌ಸೆಟ್ ಫೀಡರನ್ನೂ ಬೇರೆ ಮಾಡಿದಾಗ ಈ ತತ್ತ್ವವೇ ಕಂಬದ ಮೇಲೆ ಮೂರ್ತಗೊಂಡಿತು. ಮನೆಯ ಕರೆಂಟು ಪಂಪಿನದಲ್ಲ, ಪಂಪಿನದು ಮನೆಯದಲ್ಲ. ತೋಟದಮನೆಯಲ್ಲಿ ವಾಸವಿರುವವನು ಮನೆಯವನೋ ಪಂಪಿನವನೋ ಎಂಬ ಸೂಕ್ಷ್ಮದ ಬಗ್ಗೆ ವ್ಯಾಖ್ಯಾನಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಇನ್ನು ಪ್ರಮಾಣಗಳ ವಿಚಾರ. ಅಭಾವವನ್ನು ಅರಿಯಲು ಭಾಟ್ಟರು ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು: ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ನಮ್ಮ ವಿದ್ಯುತ್ ಕಂಪನಿಗಳು ಇದನ್ನು ತಿರುಗಿಸಿ ನಿಲ್ಲಿಸಿವೆ: ಕಾಣುತ್ತಿಲ್ಲ, ಆದ್ದರಿಂದ ಇದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, 10 ಎಚ್‌ಪಿವರೆಗಿನವಕ್ಕೆ ವಿದ್ಯುತ್ ಉಚಿತ, ಬಹುಪಾಲಿಗೆ ಮೀಟರಿಲ್ಲ. ಅವು ಕುಡಿದದ್ದೆಷ್ಟು ಎಂಬುದು ಅಂದಾಜು. ಇಲ್ಲಿ ಅರ್ಥಾಪತ್ತಿಯ ಪ್ರಸಿದ್ಧ ದೇವದತ್ತನನ್ನು ಕರೆಯಬೇಕು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಪಾಠ. ಕಂಪನಿ ಕೊಂಡ ಯೂನಿಟ್ಟಿಗೂ ಬಿಲ್ಲಾದ ಯೂನಿಟ್ಟಿಗೂ ತಾಳೆಯಾಗದಿದ್ದಾಗ, ಸೋರಿದ್ದು, ಕದ್ದದ್ದು, ಹಳೆಯ ತಂತಿಯಲ್ಲಿ ಬಿಸಿಯಾಗಿ ಹೋದದ್ದು ಎಲ್ಲದಕ್ಕೂ ರೈತನ ಅಂದಾಜಿನ ಖಾತೆಯಲ್ಲಿ ಜಾಗ ಸಿಗುತ್ತದೆ. ಕಾಗದದ ಮೇಲೆ ರೈತ ಉಬ್ಬುತ್ತಾನೆ, ಸರ್ಕಾರ ಸಬ್ಸಿಡಿ ತುಂಬುತ್ತದೆ, ತುಂಬುವುದು ತಡವಾಗಿ ಕಂಪನಿ ಸಾಲ ಮಾಡುತ್ತದೆ. ಮೀಟರ್ ಹಾಕಲು ರೈತನಿಗೆ ಮನಸ್ಸಿಲ್ಲ. ಇಂದು ಓದುವ ಮೀಟರು ನಾಳೆ ಬಿಲ್ಲು ಬರೆಯುತ್ತದೆಂದು ಅವನಿಗೆ ಗೊತ್ತು. ಓದಿದರೆ ಸೋರಿಕೆಯೂ ಹೊರಬೀಳುವುದರಿಂದ ಕಂಪನಿಗೂ ಅವಸರವಿಲ್ಲ. ಮುನಿಸಿಕೊಂಡ ಎರಡು ಪಕ್ಷಗಳು ಒಂದೇ ಅಜ್ಞಾನವನ್ನು ಇಷ್ಟು ಪ್ರೀತಿಯಿಂದ ಸಾಕಿದ್ದು ಬೇರೆಲ್ಲೂ ಕಾಣಸಿಗದು.

ದೇವದತ್ತ ರಾತ್ರಿ ಉಣ್ಣುವುದಂತೂ ಅಕ್ಷರಶಃ ನಿಜ. ಊರೆಲ್ಲ ಮಲಗಿದ ಮೇಲೆ ಉಳಿಯುವ ಕರೆಂಟೇ ಪಂಪಿಗೆ. ತ್ರೀ ಫೇಸ್ ಬಂದಾಗ ರೈತ ಎದ್ದು ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಮನೆಗೆ 200 ಯೂನಿಟ್‌ವರೆಗೆ ಉಚಿತ ಕೊಡುವ ಗೃಹಜ್ಯೋತಿ ಆಗಸ್ಟಿನಲ್ಲಿ ಬೆಳಗಿತ್ತು. ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿಗೆ ಏಳು ಗಂಟೆಯೋ ಐದು ಗಂಟೆಯೋ ಎಂಬ ಚರ್ಚೆ ನಡೆದಿತ್ತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಎತ್ತಿಕೊಂಡು, ಇಲ್ಲಿನ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಮಾರಬೇಕೆಂದಿತು; ಪಂಜಾಬ್, ಉತ್ತರ ಪ್ರದೇಶಗಳಿಂದ ಕೈಗಡ ತಂದಿತು. ಅದೇ ತಿಂಗಳು ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯೊಂದನ್ನು ಹಗ್ಗದಲ್ಲಿ ಬಿಗಿದು ವಿದ್ಯುತ್ ಉಪಕೇಂದ್ರಕ್ಕೆ ತಂದಿಳಿಸಿದರು. ಕತ್ತಲಲ್ಲಿ ನೀರು ಹಾಯಿಸಲು ಹೋದವನನ್ನು ಹಾವೋ ಮೊಸಳೆಯೋ ಹಿಡಿದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ಭಾರತೀಯ ತರ್ಕಶಾಸ್ತ್ರದ ಇತಿಹಾಸದಲ್ಲಿ ಪ್ರತ್ಯಕ್ಷ ಪ್ರಮಾಣವನ್ನು ಇಷ್ಟು ನೇರವಾಗಿ ಮಂಡಿಸಿದ ಇನ್ನೊಂದು ಸಂದರ್ಭ ಈ ಪ್ರಬಂಧಕಾರನಿಗೆ ಗೊತ್ತಿಲ್ಲ. ಬೇಡಿಕೆ ಪೂರೈಕೆಯ ಕೋಷ್ಟಕಗಳಲ್ಲಿ ಮೊಸಳೆಗೆ ಕಾಲಂ ಇಲ್ಲವಾದ್ದರಿಂದ ಅರಣ್ಯ ಇಲಾಖೆಯವರು ಬಂದು ಪ್ರಮಾಣವನ್ನು ಒಯ್ದರು. ಪ್ರಶ್ನೆ ಉಪಕೇಂದ್ರದಲ್ಲೇ ಉಳಿಯಿತು.

ರಾಷ್ಟ್ರಮಟ್ಟದ ಆಗಮಗಳನ್ನೂ ನೋಡದಿದ್ದರೆ ಪ್ರಬಂಧ ಅಪೂರ್ಣವಾದೀತು. ವಿದ್ಯುತ್ತು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಎಂದರೆ ದೀಪ ಹತ್ತಿದರೆ ಕೇಂದ್ರವೂ ರಾಜ್ಯವೂ ಕಾರಣ. ಆರಿದರೆ ಕಲ್ಲಿದ್ದಲು ಕಳಿಸದ ಕೇಂದ್ರವೋ ಬಾಕಿ ಕಟ್ಟದ ರಾಜ್ಯವೋ ಎಂಬ ಅನಿರ್ವಚನೀಯ ಸ್ಥಿತಿ. 2005ರ ರಾಷ್ಟ್ರೀಯ ವಿದ್ಯುತ್ ನೀತಿ, 2012ರ ಹೊತ್ತಿಗೆ ಬೇಡಿಕೆಯೆಲ್ಲ ಪೂರೈಕೆಯಾಗಿ ಕೊರತೆಯೇ ಇರುವುದಿಲ್ಲ ಎಂದು ಗುರಿಯಿಟ್ಟಿತು. 2012 ಬಂತು. ಜುಲೈ 30ರಂದು ಉತ್ತರದ ಗ್ರಿಡ್ ಕುಸಿಯಿತು. ಎಬ್ಬಿಸಿ ನಿಲ್ಲಿಸಿದರೆ 31ರಂದು ಉತ್ತರ, ಪೂರ್ವ, ಈಶಾನ್ಯ ಮೂರೂ ಮಲಗಿದವು. 60 ಕೋಟಿಗೂ ಮಿಕ್ಕ ಜನರಿರುವ ಪ್ರದೇಶ ಕತ್ತಲಾಯಿತು. ಅದೇ 31ರಂದು ಇಂಧನ ಸಚಿವ ಸುಶೀಲ್‌ಕುಮಾರ್ ಶಿಂದೆ ಅವರಿಗೆ ಗೃಹ ಖಾತೆ ದೊರೆತು, ಇಂಧನದ ಹೆಚ್ಚುವರಿ ಹೊಣೆ ನಮ್ಮವರೇ ಆದ ವೀರಪ್ಪ ಮೊಯಿಲಿ ಅವರಿಗೆ ಬಂತು. ಕರ್ಮಸಿದ್ಧಾಂತದ ವಿದ್ವಾಂಸರು ಈ ದಿನಾಂಕವನ್ನು ಗುರುತು ಮಾಡಿಟ್ಟುಕೊಳ್ಳಬೇಕು.

ಆ ಎರಡು ದಿನ ದಕ್ಷಿಣಕ್ಕೆ ಏನೂ ಆಗಲಿಲ್ಲ. ನಮ್ಮ ಗ್ರಿಡ್ ಆಗಿನ್ನೂ ಉತ್ತರದ ತಾಳಕ್ಕೆ ಹೆಜ್ಜೆ ಸೇರಿಸಿರಲಿಲ್ಲ. ನಾವು ಬೆಳಕಿನಲ್ಲಿದ್ದೆವೆಂದು ಇದರ ಅರ್ಥ ಮಾಡಬಾರದು. ಆ ಬರದ ವರ್ಷ ನಮ್ಮ ಕತ್ತಲೆ ಸ್ವದೇಶಿಯಾಗಿತ್ತು, ಅಷ್ಟೆ. ಮಳೆ ಬರಲೆಂದು ಆ ಜುಲೈಯಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ವಿಶೇಷ ಪೂಜೆಗೆ ಸರ್ಕಾರಿ ಆದೇಶವಾಗಿತ್ತು. ಜಲವಿದ್ಯುತ್ತನ್ನು ನೆಚ್ಚಿದ ರಾಜ್ಯದಲ್ಲಿ ಇದನ್ನು ಇಂಧನ ನೀತಿಯ ಭಾಗವೆಂದು ಓದದವರು ಸಂಕುಚಿತ ಮನಸ್ಸಿನವರು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಹೊತ್ತಿಕೊಂಡು ದೇಶವೆಲ್ಲ ಒಂದೇ ಗ್ರಿಡ್ ಆಯಿತು. ಅಂದಿನಿಂದ ನಮ್ಮ ಕತ್ತಲೆಗೂ ಅಖಿಲ ಭಾರತ ಅರ್ಹತೆ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಪ್ರಧಾನಿಯ ಕರೆಯಂತೆ ಜನ ಒಂಬತ್ತು ನಿಮಿಷ ತಾವಾಗಿಯೇ ದೀಪ ಆರಿಸಿದಾಗ ಬೇಡಿಕೆ 30,000 ಮೆಗಾವಾಟ್‌ಗೂ ಹೆಚ್ಚು ಕುಸಿಯಿತು. ಗ್ರಿಡ್ ಬೀಳದಂತೆ ಹಿಡಿದವರು ಪೂರ್ವಪಕ್ಷದ ಆ ಎಂಜಿನಿಯರುಗಳೇ, ಜಲವಿದ್ಯುತ್ತಿನ ಗೇಟು ಹಿಡಿದು. ಅವರಿಗೆ ಯಾರೂ ತಟ್ಟೆ ಬಡಿಯಲಿಲ್ಲ.

ಈಗ ಸೂರ್ಯನಿದ್ದಾನೆ ಎನ್ನುವವರಿದ್ದಾರೆ. ಇದ್ದಾನೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕು ಹರಡಿದೆ. ಬರದ ಸೀಮೆಯಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಸಣ್ಣದಲ್ಲ. ಭೂಮಿ ಇದ್ದವರಿಗೆ ಬಾಡಿಗೆ ಬಂತು, ಭೂಮಿಯಿಲ್ಲದ ಕೂಲಿಯವರಿಗೆ ಬೇಲಿ ಬಂತು. ಹಗಲು ಹೀಗೆ ಉಕ್ಕುವ ಕರೆಂಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂರ್ಯನ ಜತೆಯೇ ಮುಳುಗುತ್ತದೆ. ಅದನ್ನು ಕೂಡಿಡಲು ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಬೇಕಾದಾಗ ಇಳಿಸುವುದು. ಎತ್ತಲು ತಗಲುವ ವಿದ್ಯುತ್ತು ಇಳಿದಾಗ ಸಿಗುವುದಕ್ಕಿಂತ ಹೆಚ್ಚು. ಲೆಕ್ಕ ತಪ್ಪಿಲ್ಲ, ಉಗ್ರಾಣದ ಬಾಡಿಗೆ ಅದು. ಸಿಂಗಳೀಕಗಳ ಕಾಡು ಆ ಬಾಡಿಗೆಯ ಮುಂಗಡ. ಇದೇ ನದಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ನಾಡಿಗೆ ಬೆಳಕು ಕೊಟ್ಟು ಮುಳುಗಿದವರ ಕಡೆಯ ದ್ವೀಪದಂಥ ಊರುಗಳಿಗೆ ಸಿಗಂದೂರು ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಅಷ್ಟು ವರ್ಷ ಲಾಂಚಿನಲ್ಲಿ ದಾಟಿದರು. ಇಲ್ಲಿ ಶಾಸ್ತ್ರದ ಪರಿಭಾಷೆ ಸ್ವಲ್ಪ ಹೊತ್ತು ಕೈಕೊಡುತ್ತದೆ, ಕ್ಷಮಿಸಬೇಕು.

ಕೊನೆಯದಾಗಿ ಶ್ರುತಿವಾಕ್ಯ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳೆಂಬ ಗ್ರಂಥ 2020ರಲ್ಲಿ ಪ್ರಕಟವಾಗಿದೆ. ಎಲ್ಲ ಗ್ರಾಹಕರಿಗೂ ದಿನದ 24 ಗಂಟೆ ವಿದ್ಯುತ್ ಕೊಡತಕ್ಕದ್ದು ಎಂದು ಅದು ವಿಧಿಸುತ್ತದೆ. ಅದರ ಬೆನ್ನಿಗೇ, ಕೃಷಿಯಂಥ ಕೆಲವು ವರ್ಗಗಳಿಗೆ ವಿದ್ಯುತ್ ನಿಯಂತ್ರಣ ಆಯೋಗವು ಕಡಿಮೆ ಗಂಟೆ ಗೊತ್ತುಮಾಡಬಹುದು ಎಂಬ ಅಪವಾದವಿದೆ. ಎಲ್ಲರಿಗೂ, ಕೆಲವರನ್ನು ಬಿಟ್ಟು. ಮೀಮಾಂಸಕರು ಉತ್ಸರ್ಗ, ಅಪವಾದ ಎಂದು ಕಲಿಸಿದ್ದೂ ಇದನ್ನೇ. ಆದರೆ ಗಂಟೆ ಗೊತ್ತುಮಾಡುವ ಆ ಆಯೋಗ ದರ ಏರಿಸುವ ಮುನ್ನ ಬಹಿರಂಗ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಅಲ್ಲಿ ಕೈಗಾರಿಕಾ ಸಂಘಗಳ ವಕೀಲರು ತಪ್ಪದೆ ಕೂತಿರುತ್ತಾರೆ. ಓದುಗರು ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಕ್ಯಾಲೆಂಡರಿನ ಮೇಲೆ ಬರೆದಿಟ್ಟು, ಮುಂದಿನ ವಿಚಾರಣೆಗೆ ಅದನ್ನು ಹಿಡಿದುಕೊಂಡು ಹೋಗಿ ಎರಡು ಮಾತು ಕೇಳಿ ಬರಬೇಕಾಗಿ ಕೋರಿದೆ. ಮೊಸಳೆ ತರುವ ಅಗತ್ಯವಿಲ್ಲ.