ಪ್ರವಾದಿಗಳ ಪಹಣಿ

1844ರ ಜೂನ್ 27. ಇಲಿನಾಯ್‌ನ ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನನ್ನು ಗುಂಡಿಟ್ಟು ಕೊಂದಿತು. ಗೋರಿಯ ಮಣ್ಣು ಆರುವ ಮೊದಲೇ ವಾರಸುದಾರರು ಎದ್ದರು. ಎಲ್ಲರಿಗೂ ದೇವರೇ ಹೇಳಿದ್ದನಂತೆ. ಒಬ್ಬೊಬ್ಬರಿಗೆ ಒಂದೊಂದು ಥರ.

ದೊಡ್ಡ ಪಾಲು ಬ್ರಿಗ್‌ಹ್ಯಾಮ್ ಯಂಗ್ ಹಿಂದೆ ಯೂಟಾಕ್ಕೆ ಹೊರಟಿತು. ಲೈಮನ್ ವೈಟ್ ತನ್ನವರನ್ನು ಕಟ್ಟಿಕೊಂಡು ಟೆಕ್ಸಸ್ಸಿಗೆ ಹೋದ. ಆಲ್ಫಿಯಸ್ ಕಟ್ಲರ್ ಅಯೋವಾದಲ್ಲಿ ಊರು ಕಟ್ಟಿದ. ಇವರೆಲ್ಲ ಸಾಮಾನ್ಯರು ಬಿಡಿ. ಅಸಲಿ ಪ್ರತಿಭೆ ಜೇಮ್ಸ್ ಸ್ಟ್ರ್ಯಾಂಗ್.

ವಕೀಲ, ಪತ್ರಿಕೆ ಸಂಪಾದಕ, ಪೋಸ್ಟ್ ಮಾಸ್ಟರ್, ಎಲ್ಲ ಆಗಿದ್ದವನು. ಸ್ಮಿತ್ ಸಾಯುವಾಗ ಇವನು ಪಂಥಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು. ಆದರೆ ಕೈಯಲ್ಲೊಂದು ಕಾಗದ: ಸಾಯುವ ಒಂಬತ್ತು ದಿನ ಮುಂಚೆ ಸ್ಮಿತ್ ತನ್ನನ್ನೇ ಉತ್ತರಾಧಿಕಾರಿ ಎಂದು ಬರೆದುಕೊಟ್ಟಿದ್ದಾನೆ! ಅಂಚೆ ಮುದ್ರೆ ಅಸಲಿ. ಸಹಿ ಮಾತ್ರ ಸ್ಮಿತ್‌ನ ಕೈಬರಹದ್ದಲ್ಲ. ಅದಕ್ಕೇನಂತೆ? ಮರುವರ್ಷವೇ ವಿಸ್ಕಾನ್ಸಿನ್‌ನಲ್ಲಿ ಒಂದು ಓಕ್ ಮರದಡಿ ಲಿಪಿ ಕೊರೆದ ಹಿತ್ತಾಳೆ ತಗಡುಗಳು ಸಿಕ್ಕವು. ಅಗೆಯಲು ತಾನು ಕೈ ಹಾಕಲಿಲ್ಲ, ಬೇರೆಯವರಿಂದ ಅಗೆಸಿದ. ಓದಲು ಬಂದಿದ್ದು ಮಾತ್ರ ತನಗೊಬ್ಬನಿಗೇ.

ಬ್ರಿಗ್‌ಹ್ಯಾಮ್ ಯಂಗ್‌ನ ಕಡೆಯವರು ಹಲವು ಹೆಂಡಿರನ್ನು ಕಟ್ಟಿಕೊಳ್ಳುತ್ತಾರೆ, ಥೂ, ಎಂದು ಬೈದವನು ಇವನೇ. ಆ ಬೈಗುಳ ಕೇಳಿಯೇ ಎಷ್ಟೋ ಜನ ಇವನ ಹಿಂದೆ ಬಂದರು. 1849ರಲ್ಲಿ ಊರೂರು ಸುತ್ತುವಾಗ ಜೊತೆಗೊಬ್ಬ ಎಳೆಯ ಕಾರ್ಯದರ್ಶಿ. ಹೆಸರು ಚಾರ್ಲ್ಸ್ ಡಗ್ಲಸ್, ಕರಿ ಕೋಟು, ಕತ್ತರಿಸಿದ ಕೂದಲು. ಆ ಹುಡುಗ ಎಲ್ವೈರಾ ಫೀಲ್ಡ್ ಎಂಬ ಹೆಣ್ಣುಮಗಳು, ಇವನ ಎರಡನೇ ಹೆಂಡತಿ. ಗುಟ್ಟು ರಟ್ಟಾಗುವ ಹೊತ್ತಿಗೆ ದೇವರೂ ಮನಸ್ಸು ಬದಲಾಯಿಸಿದ. ಒಟ್ಟು ಹೆಂಡಿರು ಐವರು.

1850ರ ಜುಲೈ 8ರಂದು ಮಿಷಿಗನ್ ಸರೋವರದ ಬೀವರ್ ದ್ವೀಪದಲ್ಲಿ ಪಟ್ಟಾಭಿಷೇಕ. ಗಣರಾಜ್ಯದ ನಟ್ಟನಡುವೆ ರಾಜ! ಕಿರೀಟ ತೊಡಿಸಿದವನು ಜಾರ್ಜ್ ಆಡಮ್ಸ್, ನಾಟಕದ ನಟ. ಇದಕ್ಕಿಂತ ತಕ್ಕ ಪುರೋಹಿತ ಸಿಗುತ್ತಿರಲಿಲ್ಲ. ಎರಡು ವರ್ಷಕ್ಕೆ ಇದೇ ಮಹಾರಾಜರು ಚುನಾವಣೆಗೆ ನಿಂತು ಮಿಷಿಗನ್ ಶಾಸನಸಭೆಗೂ ಆರಿಸಿ ಬಂದರು. ಓಟು ಕೇಳುವ ರಾಜ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಹೆಂಗಸರೆಲ್ಲ ಷರಾಯಿ ತೊಡಬೇಕು ಎಂದೂ ಅಪ್ಪಣೆಯಾಯಿತು. ಎದುರು ನಿಂತವರಲ್ಲೊಬ್ಬ ತಾಮಸ್ ಬೆಡ್‌ಫರ್ಡ್. ಅವನಿಗೆ ಚಾಟಿಯೇಟು ಬಿತ್ತು. 1856ರ ಜೂನ್‌ನಲ್ಲಿ ನೌಕಾಪಡೆಯ ಹಡಗಿನ ಕಣ್ಣೆದುರೇ ಬೆಡ್‌ಫರ್ಡ್ ಮತ್ತವನ ಜೊತೆಗಾರ ರಾಜನಿಗೆ ಗುಂಡು ಹೊಡೆದರು. ಮೂರು ವಾರ ನರಳಿ ಸತ್ತ. ಕಾಗದವೊಂದರಿಂದ ರಾಜನಾದವನು ಉತ್ತರಾಧಿಕಾರಿಯ ಹೆಸರು ಹೇಳದೆ ಹೋದ.

ಕೊಂದವರು 1.25 ಡಾಲರ್ ಕಟ್ಟಿ ಹೊರಬಂದರು. ಇತ್ತ ಸಭ್ಯ ಕ್ರೈಸ್ತರು ದ್ವೀಪಕ್ಕೆ ನುಗ್ಗಿ, ಅವನ ಎರಡು ಸಾವಿರಕ್ಕೂ ಹೆಚ್ಚು ಹಿಂಬಾಲಕರನ್ನು ಓಡಿಸಿ, ಮನೆಮಠ ನುಂಗಿದರು. ನೀತಿಗೆಟ್ಟವರನ್ನು ಓಡಿಸಿದ್ದು, ದರೋಡೆಯಲ್ಲ. ನೆನಪಿರಲಿ.

ಯೂಟಾದವರು ಸಾಚಾ ಅಂದುಕೊಂಡಿರಾ? ಕಿರುಕುಳ ತಾಳಲಾರದೆ ಮರುಭೂಮಿಗೆ ಓಡಿಬಂದವರಲ್ಲವೇ! 1861ರಲ್ಲಿ ಜೋಸೆಫ್ ಮಾರಿಸ್ ಎಂಬವನು ತಾನೂ ಪ್ರವಾದಿ ಎಂದು ವೀಬರ್ ನದಿ ದಡದಲ್ಲಿ ಬೀಡುಬಿಟ್ಟ. ಅವನನ್ನು ಬಿಟ್ಟು ಹೊರಟವರನ್ನು ಅವನ ಜನ ಕೂಡಿಹಾಕಿದರು. ಬಿಡಿಸಲು 1862ರಲ್ಲಿ ಬಂದ ಯೂಟಾದ ಪಡೆ ಬೀಡಿಗೆ ಫಿರಂಗಿ ಹಾರಿಸಿತು. ಮಾರಿಸ್ ಸತ್ತ, ಹೆಂಗಸರೂ ಸತ್ತರು.

ಇನ್ನು ಮಿಸ್ಸೌರಿಯ ಇಂಡಿಪೆಂಡೆನ್ಸ್. ಕ್ರಿಸ್ತ ಮರಳಿ ಬರುವಾಗ ದೇವಾಲಯ ಇರಬೇಕಾದ ಜಾಗ ಎಂದು ಸ್ಮಿತ್ 1831ರಲ್ಲಿ ಗುರುತು ಹಾಕಿದ ನೆಲ. ಅದರ ಎರಡೂವರೆ ಎಕರೆ ಒಂದು ಪುಟ್ಟ ಬಣದ ಕೈಯಲ್ಲಿತ್ತು. ಸ್ಮಿತ್‌ನ ಮಗನ ಬಣ ಕೇಸು ಹಾಕಿತು: ನಾವೇ ಮೂಲ, ನಮ್ಮಪ್ಪ ಏಕಪತ್ನೀವ್ರತಸ್ಥ. ಅದನ್ನು ಸುಳ್ಳೆನ್ನಲು 1892ರಲ್ಲಿ ಯೂಟಾದಲ್ಲಿ ಸಾಕ್ಷಿ ನುಡಿದವರು: ಅಪ್ಪನ ಮುದಿ ಹೆಂಡಿರು. ಬಹುಪತ್ನಿತ್ವ ಬಿಟ್ಟೆವು ಎಂದು ಯೂಟಾ ಚರ್ಚು ಘೋಷಿಸಿ ಆಗಿದ್ದು ಎರಡೇ ವರ್ಷ!

1894ರಲ್ಲಿ ಮಗನ ಬಣ ಗೆದ್ದಿತು. 1895ರಲ್ಲಿ ಮೇಲಿನ ಕೋರ್ಟು ತೀರ್ಪನ್ನು ತಿರುಗಿಸಿತು. ಕಾರಣ ದೇವರೂ ಅಲ್ಲ, ಹೆಂಡಿರೂ ಅಲ್ಲ. ಕೇಸು ಹಾಕಲು ತೀರಾ ತಡಮಾಡಿದಿರಿ, ಅಷ್ಟೇ.