ಬುಕಿಂಗ್ ಭಾವ

ನಮ್ಮ ಭಾವ ಅಮೆರಿಕಕ್ಕೆ ಹೋದದ್ದು ಕೆಲಸಕ್ಕೆ ಎಂದು ಅಕ್ಕ ಇವತ್ತಿಗೂ ನಂಬಿದ್ದಾಳೆ. ಹ್ಯೂಸ್ಟನ್ನಿನ ಅವರ ಮನೆಯಲ್ಲಿ ಎರಡು ತಿಂಗಳು ಉಂಡು ಬಂದವನು ನಾನು. ಅವರು ಹೋದದ್ದು ಬುಕಿಂಗ್ ಮಾಡಲಿಕ್ಕೆ. ಕೆಲಸ ನಡುನಡುವೆ ಮಾಡುತ್ತಾರೆ.

ಅಲ್ಲಿಗೆ ಹೋದ ಮೇಲೆ ಅಂಟಿದ ಚಟವಲ್ಲ ಇದು. ಮೈಸೂರಿನಲ್ಲಿದ್ದಾಗ ರೈಲ್ವೆ ರಿಸರ್ವೇಷನ್ ಕೌಂಟರಿನ ಮುಂದೆ ಬೆಳಗಿನ ಜಾವ ನಾಲ್ಕಕ್ಕೇ ಫ್ಲಾಸ್ಕು ಹಿಡಿದು ನಿಲ್ಲುತ್ತಿದ್ದವರು ಇವರೇ. ಬೀದಿಯಲ್ಲಿ ಯಾರು ಎಲ್ಲಿಗೆ ಹೋಗುವುದಿದ್ದರೂ ಫಾರಂ ತುಂಬುವುದು ಭಾವ. ತಾವು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ತಮ್ಮನ ಮದುವೆಗೆ ಛತ್ರ ಹಿಡಿದವರೂ ಇವರೇ. ಆಗ ಹುಡುಗಿ ಇನ್ನೂ ಗೊತ್ತಾಗಿರಲಿಲ್ಲ. "ಹುಡುಗಿ ಸಿಗ್ತಾಳೆ ಕಣಯ್ಯ, ಮೇ ತಿಂಗಳಲ್ಲಿ ಛತ್ರ ಸಿಗೋಲ್ಲ" ಎಂದಿದ್ದರು. ಹಾಗೇ ಆಯಿತು. ಆ ಹುಡುಗಿ ಇವತ್ತಿಗೂ, ತನ್ನನ್ನು ಒಪ್ಪಿದ್ದು ಗಂಡಿನ ಕಡೆಯವರೋ ಛತ್ರದ ಮ್ಯಾನೇಜರೋ ಎಂದು ಕೇಳುವುದುಂಟು.

ಅಂಥವರ ಮುಂದೆ ಒಂದು ಸಂಜೆ ಕಾಫಿ ಕುಡಿಯುತ್ತ, "ಸಮುದ್ರ ನೋಡಿ ಎಷ್ಟು ದಿನ ಆಯ್ತು" ಎಂದುಬಿಟ್ಟೆ. ತಪ್ಪು ನನ್ನದೇ. ಹ್ಯೂಸ್ಟನ್ನಿನಿಂದ ಗ್ಯಾಲ್ವೆಸ್ಟನ್ ದ್ವೀಪಕ್ಕೆ ಸುಮಾರು 80 ಕಿಲೋಮೀಟರ್. ಕಾರು ಹತ್ತಿದರೆ ಒಂದು ಗಂಟೆ ಚಿಲ್ಲರೆ. ಹೋಗಿ, ಕಾಲು ತೋಯಿಸಿಕೊಂಡು, ಚುರುಮುರಿ ಇಲ್ಲದ ಬೀಚಿಗೆ ನಾಲ್ಕು ಮಾತು ಬೈದು ಬಂದಿದ್ದರೆ ಮುಗಿಯುತ್ತಿತ್ತು. ಭಾವ ಲೋಟ ಕೆಳಗಿಟ್ಟರು. "ಬರೀ ನೋಡೋದರಲ್ಲೇನಿದೆ? ಬುಕ್ ಮಾಡೋ ಅಂಥದ್ದು ಅಲ್ಲಿ ಏನಿದೆ ನೋಡ್ತೀನಿ, ಇರು."

ರಾತ್ರಿ ಊಟದ ಹೊತ್ತಿಗೆ ತೀರ್ಮಾನವಾಗಿತ್ತು. ಗೈಡನ್ನು ಕರೆದುಕೊಂಡು ಜೆಟ್ಟಿಯ ಬಳಿ ಮೀನು ಹಿಡಿಯುವುದು.

ನಮ್ಮ ವಂಶಕ್ಕೂ ಮೀನಿಗೂ ಇರುವ ಸಂಬಂಧ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಪುರಿ ಎರಚುವಷ್ಟಕ್ಕೆ ಮುಗಿಯುತ್ತದೆ. ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. "ರೀ, ಹಿಡಿದು ಏನು ಮಾಡ್ತೀರಿ?"

"ಬಿಡ್ತೀವಿ."

"ಬಿಡೋದಕ್ಕೆ ಹಿಡಿಯೋದ್ಯಾಕೆ?"

"ಹಿಡಿಯದೆ ಬಿಡೋದು ಹೇಗೆ?" ಎಂದರು ಭಾವ. ಮೂವತ್ತು ವರ್ಷದ ಸಂಸಾರದಲ್ಲಿ ಅಕ್ಕನಿಗೆ ಉತ್ತರ ತೋಚದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜೆಟ್ಟಿ ಎಂದರೆ ನಾವು ದೋಣಿ ಹತ್ತುವ ಕಟ್ಟೆ ಅಂದುಕೊಳ್ಳುತ್ತೇವೆ. ಅಲ್ಲಿ ಹಾಗಲ್ಲ. ಮಲ್ಪೆಯ ಸೀ ವಾಕಿನ ಅಡಿಯಲ್ಲಿರುವಂಥ ಕಲ್ಲಿನ ಗೋಡೆಯನ್ನು ಮೈಲಿಗಟ್ಟಲೆ ಎಳೆದಂತೆ ಕಲ್ಪಿಸಿಕೊಳ್ಳಿ. ಗ್ಯಾಲ್ವೆಸ್ಟನ್ ಕೊಲ್ಲಿಯ ಬಾಯಲ್ಲಿ ಇಂಥವು ಎರಡು. ಉತ್ತರದ್ದು ಬೊಲಿವರ್ ಎಂಬ ನೆಲದ ಚಾಚಿನಿಂದ, ದಕ್ಷಿಣದ್ದು ದ್ವೀಪದ ತುದಿಯಿಂದ ಹೊರಟು ಕಡಲೊಳಗೆ ಹೋಗಿಬಿಟ್ಟಿವೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು ಕಟ್ಟಿಸಿದ್ದು. ಕೊಲ್ಲಿಯಿಂದ ಏರಿಳಿಯುವ ನೀರು ಹರಡಿಕೊಂಡರೆ ಮರಳು ಕೂತು ಹಡಗಿನ ದಾರಿ ಮುಚ್ಚಿಹೋಗುತ್ತದೆ. ಎರಡು ಗೋಡೆಗಳ ನಡುವೆ ಹಿಂಡಿ ಬಿಟ್ಟರೆ ಆ ನೀರೇ ರಭಸದಲ್ಲಿ ಮರಳನ್ನು ಕೊರೆದು ಆಳ ಉಳಿಸಿಕೊಡುತ್ತದೆ. ಹಡಗಿಗೆಂದು ಹಾಕಿದ ಕಲ್ಲಿನ ಸಂದುಗಳಲ್ಲಿ ಏಡಿ, ಸಿಗಡಿ, ಮರಿಮೀನು ಸಂಸಾರ ಹೂಡಿದವು. ಅವುಗಳನ್ನು ತಿನ್ನಲು ದೊಡ್ಡ ಮೀನು ಬಂದವು, ದೊಡ್ಡ ಮೀನನ್ನು ಹುಡುಕಿಕೊಂಡು ಗೈಡುಗಳು ಬಂದರು, ಗೈಡುಗಳನ್ನು ಹುಡುಕಿಕೊಂಡು ಭಾವ ಬಂದರು.

ಭಾವ 17 ಗೈಡುಗಳ ಪಟ್ಟಿ ಮಾಡಿದರು. ಎಕ್ಸೆಲ್ ಹಾಳೆಯಲ್ಲಿ 22 ಕಾಲಮ್ಮು. ಕೋಸ್ಟ್ ಗಾರ್ಡಿನ ಕ್ಯಾಪ್ಟನ್ ಲೈಸೆನ್ಸ್ ಇದೆಯೆ, ಟೆಕ್ಸಾಸಿನ ಗೈಡ್ ಲೈಸೆನ್ಸ್ ಇದೆಯೆ, ಗಾಳ, ಕೋಲು, ಎರೆ ಅವರದೋ ನಮ್ಮದೋ, ಮಂಜುಗಡ್ಡೆ ಎಷ್ಟು, ನೆರಳಿದೆಯೆ, ಟಾಯ್ಲೆಟ್ ಇದೆಯೆ. ಕೊನೆಯ ಕಾಲಮ್ಮಿನ ತಲೆಬರಹ 'ಸ್ವಭಾವ'. ಅದನ್ನು ಫೋನಿನಲ್ಲಿ ಮಾತಾಡಿಯೇ ತುಂಬಬೇಕಾದ್ದರಿಂದ 17 ಜನರಿಗೂ ಫೋನ್ ಹೋಯಿತು. ಒಬ್ಬರ ಮುಂದೆ 'ಸಿಡುಕ' ಎಂದು ಬರೆದಿದ್ದರು. ಅವರಿಗೆ ಫೋನ್ ಹೋದದ್ದು ಬೆಳಗ್ಗೆ ನಾಲ್ಕೂವರೆಗೆ. "ಮೀನು ಹಿಡಿಯೋರು ಎದ್ದಿರಬೇಕಲ್ಲ?" ಎಂಬುದು ಭಾವನ ವಾದ.

ಕೊನೆಗೆ ಆರಿಸಿದ ಕ್ಯಾಪ್ಟನ್ ಸಾಧು ಮನುಷ್ಯ. ಫೋನನ್ನು ಸ್ಪೀಕರಿಗೆ ಹಾಕಿ ನಮಗೆಲ್ಲ ಕೇಳಿಸುವಂತೆ ಭಾವ ಮಾತಾಡಿದರು. ಬೆಲೆ ತಲೆಗಲ್ಲ, ದೋಣಿಗೆ ಎಂದು ಆತ ಹೇಳಿದ್ದೇ ತಡ, ಗರಿಷ್ಠ ಎಷ್ಟು ತಲೆ ಎಂದು ಕೇಳಿದರು. ಆತನ ಕ್ಯಾಪ್ಟನ್ ಲೈಸೆನ್ಸಿನಲ್ಲಿ ಆರು ಜನಕ್ಕಿಂತ ಹೆಚ್ಚು ಕೂರಿಸುವಂತಿಲ್ಲ. ಸರಿ, ಆರರಿಂದ ಭಾಗಿಸಿದರೆ ಎಷ್ಟಾಯಿತು ಎಂದು ಗೀಚಿಕೊಂಡರು. ಜನ ಆಮೇಲೆ ಹುಟ್ಟುತ್ತಾರೆ.

"ಹಿಡಿದ ಮೀನನ್ನು ಕ್ಲೀನ್ ಮಾಡಿ ಕೊಡ್ತೀನಿ, ಅದೂ ಸೇರಿದೆ" ಎಂದಿತು ಫೋನು.

"ನಾವು ವೆಜಿಟೇರಿಯನ್ನು. ಅದನ್ನು ಕಳೆದು ಹೇಳಿ."

ಆ ಕಡೆ ಬಹಳ ಹೊತ್ತು ಮೌನ. ತನ್ನ ಸರ್ವೀಸಿನಲ್ಲಿ ಈ ಪ್ರಶ್ನೆ ಬಂದಿರಲಿಲ್ಲ ಎಂದು ಕಾಣುತ್ತದೆ. "ಅದಕ್ಕೆ ಬೇರೆ ದುಡ್ಡಿಲ್ಲ, ಫ್ರೀ" ಎಂದ.

"ಫ್ರೀ ಆದರೆ ಮಾಡಿಬಿಡಿ" ಎಂದರು ಭಾವ.

ಹೀಗೆ ಮೀನು ತಿನ್ನುವವರೊಬ್ಬರು ಬೇಕಾಗಿ ಬಂದದ್ದರಿಂದ ಕುಂದಾಪುರದ ಮಾರಾಯರು ದೋಣಿ ಸೇರಿದರು. ಪಕ್ಕದ ಬೀದಿಯವರು. ಎಲ್ಲರನ್ನೂ ಮಾರಾಯ್ರೆ ಎನ್ನುವುದರಿಂದ ಎಲ್ಲರೂ ಅವರನ್ನೇ ಮಾರಾಯರು ಎನ್ನುತ್ತಿದ್ದರು. ಹುಡುಗನಾಗಿದ್ದಾಗ ಬರೀ ಗಾಳದ ದಾರವನ್ನು ಬೆರಳಿಗೆ ಸುತ್ತಿಕೊಂಡು ಅಳಿವೆಯಲ್ಲಿ ಕುಳಿತು ಬೆಳೆದವರು. ಲೆಕ್ಕ ಕೇಳಿ ಬೆಚ್ಚಿದರು. "ಎಂತ ಮಾರಾಯ್ರೆ, ಮೀನ್ ಹಿಡುಕೆ ನಾವೇ ದುಡ್ಡ್ ಕೊಡುದಾ? ನಮ್ಮೂರಂಗೆ ಹಿಡ್ದವ್ರಿಗಲ್ದಾ ಕೊಡುದ್?" ಉಳಿದ ಮೂವರು ಭಾವನ ಆಫೀಸಿನವರು, ಭಾವ ಬುಕ್ ಮಾಡಿದ ಮೇಲೆ ಬೇರೆ ದಾರಿಯಿಲ್ಲವೆಂದು ಬಲ್ಲವರು.

ದಿನ ಗೊತ್ತು ಮಾಡುವುದು ಇನ್ನೊಂದು ಪುರಾಣ. ದೊಡ್ಡ ಕೆಂಪು ಡ್ರಮ್ ಮೀನುಗಳು ಮೊಟ್ಟೆಯಿಡಲು ಜೆಟ್ಟಿಯ ಬಳಿ ಸೇರುವುದು ಶರತ್ಕಾಲದಲ್ಲಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಓಟ ಚೆನ್ನಾಗಿರುತ್ತದೆ ಎಂದು ಕ್ಯಾಪ್ಟನ್ ಒಂದು ತಾರೀಖು ಕೊಟ್ಟ. ಅಕ್ಕ ಪಂಚಾಂಗ ತೆಗೆದಳು. ಮಹಾಲಯ ಅಮಾವಾಸ್ಯೆ! ಪಿತೃಗಳಿಗೆ ಎಳ್ಳುನೀರು ಬಿಡುವ ದಿನ ಸಮುದ್ರಕ್ಕೆ ಗಾಳ ಬಿಡುವುದುಂಟೆ? ಮರುವಾರ ಎಂದರೆ ಗೊಂಬೆ ಕೂರಿಸಿರುತ್ತಾರೆ. ಭಾವ ಇದನ್ನೆಲ್ಲ ಕ್ಯಾಪ್ಟನ್ನಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಆತ ಚಂದ್ರನನ್ನು ನೋಡಿ ಹೇಳುತ್ತಿದ್ದ, ಅಕ್ಕನೂ ಚಂದ್ರನನ್ನೇ ನೋಡಿ ಹೇಳುತ್ತಿದ್ದಳು. ಇಬ್ಬರ ಚಂದ್ರ ಬೇರೆಬೇರೆ. ಕೊನೆಗೆ ಸೀಗೆ ಹುಣ್ಣಿಮೆಯ ಹತ್ತಿರದ ಶನಿವಾರಕ್ಕೆ ಇಬ್ಬರೂ ಒಪ್ಪಿದರು. ಮುಂಗಡ ಕಟ್ಟಿದ ರಾತ್ರಿ ಭಾವನ ಮುಖ ನೋಡಬೇಕಿತ್ತು, ಮಗಳ ಧಾರೆ ಎರೆದು ಬಂದವರ ಹಾಗಿದ್ದರು.

ಶುಕ್ರವಾರ ಸಂಜೆ ಕ್ಯಾಪ್ಟನ್ನಿಂದ ಮೆಸೇಜು ಬಂತು. ಉತ್ತರದಿಂದ ಗಾಳಿ ಏಳುತ್ತಿದೆ, ನಾಳೆ ದೋಣಿ ಬಿಡುವುದಿಲ್ಲ. ಹವೆಯ ವಿಷಯದಲ್ಲಿ ಕ್ಯಾಪ್ಟನ್ ಹೇಳಿದ್ದೇ ಕೊನೆ. 1900ರ ಸೆಪ್ಟೆಂಬರ್ 8ರ ಬಿರುಗಾಳಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಊರು ಅದು. ನಮಗೆಲ್ಲ ಮುಖ ಸಪ್ಪಗಾಯಿತು. ಭಾವನಿಗೆ ಮಾತ್ರ ಹೊಸ ಕಳೆ ಬಂತು. ಮುಂಗಡ ಹಾಗೇ ಮುಂದಕ್ಕೆ ಹೋಗುತ್ತದೆ, ಇನ್ನೊಂದು ಸಲ ಬುಕ್ ಮಾಡಬಹುದು!

ನಡುವೆ ಲೈಸೆನ್ಸು. ಅಲ್ಲಿ ಹದಿನೇಳು ತುಂಬಿದವರು ಮೀನು ಹಿಡಿಯಬೇಕಾದರೆ ಲೈಸೆನ್ಸ್ ಬೇಕು, ಅದೂ ಪ್ರತಿಯೊಬ್ಬರಿಗೂ. ಒಂದು ದಿನದ್ದಕ್ಕೆ ಟೆಕ್ಸಾಸಿನವರಿಗೆ 11 ಡಾಲರ್, ಹೊರಗಿನವರಿಗೆ 16. ಹಿಡಿದು ಬಿಡುವವರಿಗೂ ಅಷ್ಟೇ. ನನ್ನ ಐದು ಡಾಲರ್ ಹೆಚ್ಚುವರಿಯನ್ನು ಆರು ಜನಕ್ಕೆ ಹಂಚಬೇಕೋ ಬೇಡವೋ ಎಂಬುದರ ಮೇಲೆ ಒಂದು ಸಂಜೆ ಕಳೆಯಿತು.

ಹೊಸ ತಾರೀಖನ್ನು ಖಚಿತ ಮಾಡಿದ ಮೆಸೇಜಿನ ಕೊನೆಯಲ್ಲಿ ಒಂದು ಸಾಲು ಇತ್ತು. ದೋಣಿಗೆ ಬಾಳೆಹಣ್ಣು ತರಬಾರದು. ಬಾಳೆಹಣ್ಣು ದೋಣಿ ಹತ್ತಿದರೆ ಮೀನು ಬೀಳುವುದಿಲ್ಲ ಎಂಬುದು ಅಲ್ಲಿನ ಮೀನುಗಾರರ ಹಳೆಯ ನಂಬಿಕೆ. ಭಾವನಿಗೆ ಇದು ಅರಗಲೇ ಇಲ್ಲ. ಬಾಳೆಹಣ್ಣಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯ ನಡೆದಿದೆ? ಫೋನ್ ಮಾಡಿ, ಹಣ್ಣು ಬೇಡ ಸರಿ, ಕಾಯಿ ಪರವಾಗಿಲ್ಲವೆ, ಕಾಯಿಯ ಚಿಪ್ಸು ಎಂದರೆ ಹೇಗೆ ಎಂದು ವಿಚಾರಿಸಿದರು. ಕ್ಯಾಪ್ಟನ್ ಧರ್ಮಾಧಿಕಾರಿಯ ಹಾಗೆ ಯೋಚಿಸಿ, ಚಿಪ್ಸೂ ಬೇಡ ಎಂದು ತೀರ್ಪು ಕೊಟ್ಟ. ಅಕ್ಕ ಪುಳಿಯೋಗರೆ, ಮೊಸರನ್ನ ಕಟ್ಟಿದಳು.

ಆ ದಿನ ಮೂರು ಗಂಟೆಗೇ ಎದ್ದು ಹೊರಟೆವು. ದೋಣಿ ಇದ್ದದ್ದು ಬೊಲಿವರ್ ಕಡೆ. ಗ್ಯಾಲ್ವೆಸ್ಟನ್ನಿನಿಂದ ಕಾರನ್ನೇ ಹತ್ತಿಸಿಕೊಂಡು ದಾಟಿಸುವ ದೊಡ್ಡ ಫೆರಿ ಇದೆ. ಸರ್ಕಾರದ್ದು, ಕಾಸು ಕೊಡಬೇಕಾಗಿಲ್ಲ. ಬುಕಿಂಗೂ ಇಲ್ಲ, ಮೊದಲು ಬಂದವರು ಮೊದಲು ಹತ್ತುತ್ತಾರೆ. ಆ ಇಪ್ಪತ್ತು ನಿಮಿಷ ಭಾವ ಕಾರಿನಿಂದ ಇಳಿಯಲಿಲ್ಲ. "ಯಾವುದಕ್ಕೂ ಒಂದು ಕನ್ಫರ್ಮೇಷನ್ ನಂಬರ್ ಇದ್ದಿದ್ದರೆ ಚೆನ್ನಾಗಿತ್ತು" ಎಂದು ಎರಡು ಸಲ ಹೇಳಿದರು.

ಜೆಟ್ಟಿಯ ಪಕ್ಕ ಲಂಗರು ಹಾಕುವ ಬಗೆ ನೋಡಲು ಚೆನ್ನ. ಬಗ್ಗುವ ಕಂಬಿಗಳ ಕೊಕ್ಕೆ ಅದು. ಕಲ್ಲಿನ ಸಂದಿಗೆ ಸಿಕ್ಕಿ ದೋಣಿಯನ್ನು ಹಿಡಿಯುತ್ತದೆ, ಹೊರಡುವಾಗ ಜೋರಾಗಿ ಎಳೆದರೆ ನೆಟ್ಟಗಾಗಿ ಬಿಟ್ಟುಕೊಡುತ್ತದೆ. ಕ್ಯಾಪ್ಟನ್ ಏಡಿಯನ್ನು ಎರಡಾಗಿ ಮುರಿದು ಗಾಳಕ್ಕೆ ಚುಚ್ಚಿ ಕೋಲುಗಳನ್ನು ನೆಟ್ಟ. ಅಷ್ಟರಲ್ಲಿ ಭಾವ ಮಲಗಿದ್ದರು. ವಾಂತಿಯ ಮಾತ್ರೆಯ ಬಗ್ಗೆ ಅವರ ಹಾಳೆಯಲ್ಲಿ ಒಂದಿಡೀ ಕಾಲಮ್ಮು ಇತ್ತು: ಹೊರಡುವ ಒಂದು ಗಂಟೆ ಮೊದಲು ನುಂಗಬೇಕು. ನಮಗೆಲ್ಲ ಹೊತ್ತಿಗೆ ಸರಿಯಾಗಿ ನುಂಗಿಸಿ, ಆ ಗಡಿಬಿಡಿಯಲ್ಲಿ ತಮ್ಮದನ್ನು ಜೇಬಿನಲ್ಲೇ ಮರೆತಿದ್ದರು.

ಮೊದಲ ಎರಡು ಗಂಟೆ ಕಲ್ಲಿಗೆ ಸಿಕ್ಕಿ ಗಾಳಗಳು ಹೋದವು. ಆಮೇಲೆ ಬಂದದ್ದೆಲ್ಲ ಮೀಸೆಯ ಮೀನು. ಕ್ಯಾಪ್ಟನ್ ಮುಖ ಕಿವುಚಿ, ಮುಟ್ಟಬೇಡಿ, ರೆಕ್ಕೆಯ ಮುಳ್ಳು ಚುಚ್ಚಿದರೆ ವಿಷದ ಉರಿ ಎಂದ. "ಇದ್ ನಮ್ ತೇಡೆ ಅಲ್ದಾ!" ಎಂದು ಮಾರಾಯರು ತೌರಿನವರನ್ನು ಕಂಡಂತೆ ಹಿಗ್ಗಿದರು. ಎಂಟನೆಯ ತೇಡೆ ಬಂದಾಗ ಕ್ಯಾಪ್ಟನ್ ಕೋಲು ಬಿಟ್ಟು ನಮ್ಮನ್ನು ಒಬ್ಬೊಬ್ಬರಾಗಿ ದಿಟ್ಟಿಸಿದ. ಯಾರ ಹತ್ತಿರ ಇದೆ?

ಮಾರಾಯರ ಜಾಕೆಟ್ಟಿನಿಂದ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಹೊರಬಂತು. ನೀರಿಗೆ ಎಸೆಯುವಂತಿಲ್ಲ, ದೋಣಿಯಲ್ಲಿ ಇಡುವಂತಿಲ್ಲ. ಬೇಗ ತಿಂದು ಮುಗಿಸಿ ಎಂದು ಅಪ್ಪಣೆಯಾಯಿತು. ಐವರು ನಡುಗಡಲಲ್ಲಿ ನಿಂತು ಪ್ರಾಯಶ್ಚಿತ್ತದ ಹಾಗೆ ಗಬಗಬ ಚಿಪ್ಸು ತಿಂದೆವು. ಹತ್ತು ನಿಮಿಷ ಆಗಿರಲಿಲ್ಲ, ಭಾವನ ತಲೆಯ ಬಳಿ ನೆಟ್ಟಿದ್ದ ಕೋಲು ಬಿಲ್ಲಾಗಿ ಬಾಗಿತು. ಅವರು ಏಳುವ ಸ್ಥಿತಿಯಲ್ಲಿರಲಿಲ್ಲ. ನಾನು ಹಿಡಿದೆ. ಝಾಡಿಸಬೇಡ, ಸುಮ್ಮನೆ ಸುತ್ತುತ್ತ ಹೋಗು ಎಂದು ಕ್ಯಾಪ್ಟನ್ ಕಿರುಚುತ್ತಿದ್ದ. ಇಪ್ಪತ್ತು ನಿಮಿಷ ಎಳೆದಾಡಿಸಿ ಮೇಲೆ ಬಂದದ್ದು ತಾಮ್ರದ ಹಂಡೆಯ ಬಣ್ಣದ ಕೆಂಪು ಡ್ರಮ್, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ, 41 ಇಂಚು.

ಮನೆಗೊಯ್ಯುವ ಕೆಂಪು ಡ್ರಮ್ ಸಾಮಾನ್ಯವಾಗಿ 20ರಿಂದ 28 ಇಂಚಿನೊಳಗೆ ಇರಬೇಕೆಂಬುದು ಅಲ್ಲಿನ ಕಾನೂನು. ಆ ಅಳತೆಗೆ 'ಸ್ಲಾಟ್' ಎನ್ನುತ್ತಾರೆ. ಕ್ಯಾಪ್ಟನ್ ಪಟ್ಟಿ ಇಟ್ಟು ನೋಡಿ, "ಸ್ಲಾಟ್ ಮೀರಿದೆ" ಎಂದು ಕೂಗಿದ.

ಅಷ್ಟು ಹೊತ್ತೂ ಹೆಣದಂತಿದ್ದ ಭಾವ ಧಡಕ್ಕನೆ ಎದ್ದು ಕೂತರು. "ಅದು ಹೇಗೆ ಮೀರತ್ತೆ? ಹನ್ನೊಂದು ಗಂಟೆವರೆಗೂ ಸ್ಲಾಟ್ ನಮ್ಮದು! ಮೆಸೇಜ್ ಇದೆ!"

ಮೀನನ್ನು ಬಿಟ್ಟೆವು. ಅದು ಒಂದು ಕ್ಷಣ ನಮ್ಮ ಪಕ್ಕದಲ್ಲೇ ನಿಂತಿದ್ದು ಆಮೇಲೆ ಇಳಿದುಹೋಯಿತು. ಮಾರಾಯರು ನಿಟ್ಟುಸಿರು ಬಿಟ್ಟರು. ಅವರ ಪಾಲಿಗೆ ಕೊನೆಯಲ್ಲಿ 24 ಇಂಚಿನದೊಂದು ಸಿಕ್ಕಿ, ಕ್ಯಾಪ್ಟನ್ ಫ್ರೀಯಾಗಿ ಕ್ಲೀನ್ ಮಾಡಿಕೊಟ್ಟ.

ವಾಪಸು ಬರುವಾಗ ಭಾವ ಹಿಂದಿನ ಸೀಟಿನಲ್ಲಿ ಒರಗಿಕೊಂಡು ಫೋನಿನಲ್ಲಿ ಏನೋ ಬರೆಯುತ್ತಿದ್ದರು. ಕ್ಯಾಪ್ಟನ್ನಿನ ಬಗ್ಗೆ ರಿವ್ಯೂ. ಮನೆ ತಲುಪಿದ ಮೇಲೆ ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು. ಐದಕ್ಕೆ ಐದು ನಕ್ಷತ್ರ. ಮುಂಗಡ ಕಟ್ಟಿದ ನಾಲ್ಕೇ ನಿಮಿಷದಲ್ಲಿ ಖಚಿತವಾದದ್ದು, ತಾರೀಖು ಬದಲಿಸಿದಾಗ ಬೇಸರಿಸದ್ದು, 31 ಪ್ರಶ್ನೆಗಳಿಗೆ ಉತ್ತರಿಸಿದ್ದು, ರಸೀದಿಯಲ್ಲಿ ಹೆಸರಿನ ಕಾಗುಣಿತ ಸರಿಯಿದ್ದದ್ದು, ಎಲ್ಲವೂ ಇತ್ತು. ಮೀನಿನ ಸುದ್ದಿ ಒಂದಕ್ಷರವೂ ಇರಲಿಲ್ಲ.