ಮುಂಗಡ ರಾಯರು

ಅಹಮದಾಬಾದಿನ ಮಣಿನಗರದಲ್ಲಿ ನಮ್ಮ ಕಡೆಯವರ ಮನೆಗಳಿಗೆ ಬರವಿಲ್ಲ. ಮುಂಗಡ ರಾಯರಿಗೂ ಬರವಿಲ್ಲ. ವಡೋದರಾದಲ್ಲಾದರೆ ಅವರು ರಿಫೈನರಿಯಿಂದ ನಿವೃತ್ತರಾಗಿರುತ್ತಾರೆ, ಸೂರತ್ತಿನಲ್ಲಾದರೆ ಹಜೀರಾ ಕಡೆಯ ಯಾವುದೋ ಕಾರ್ಖಾನೆಯಿಂದ. ನಮ್ಮವರು ಬ್ಯಾಂಕಿನವರು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎಂಬುದನ್ನು ಅವರು ಒಪ್ಪುತ್ತಾರೆ. ಆದರೆ ಆ ದೇವರಿಗೆ ಎರಡು ತಿಂಗಳು ಮುಂಚೆ ತಿಳಿಸಿರಬೇಕು ಎನ್ನುವುದು ಅವರ ತಿದ್ದುಪಡಿ. ಈ ವರ್ಷದ ಶ್ರಾದ್ಧದ ಊಟಕ್ಕೆ ಕೂತ ಪುರೋಹಿತರು ಪಾಯಸಕ್ಕೆ ಕೈ ಹಾಕುವ ಮೊದಲೇ ಮುಂದಿನ ವರ್ಷದ ಶ್ರಾದ್ಧಕ್ಕೆ ಒಪ್ಪಿಗೆ ಕೊಟ್ಟಿರಬೇಕು.

ಇಂಥ ಮನುಷ್ಯನಿಗೆ ನಡೆದು ಯಾತ್ರೆ ಮಾಡುವ ಮನಸ್ಸಾಗಬಾರದು. ಆಯಿತು. ಸೊಸೈಟಿಯ ಗುಜರಾತಿಗಳೆಲ್ಲ ಫಾಲ್ಗುಣ ಹುಣ್ಣಿಮೆಗೆ, ಅವರ ಬಾಯಲ್ಲಿ ಫಾಗಣ್ ಪೂನಮ್‌ಗೆ, ಡಾಕೋರಿನ ಕೃಷ್ಣ ರಣಛೋಡ್‌ರಾಯನ ಗುಡಿಗೆ ನಡೆಯುವುದನ್ನು ವರ್ಷವರ್ಷವೂ ಬಾಲ್ಕನಿಯಿಂದ ನೋಡಿ ನೋಡಿ ರಾಯರಿಗೂ ಕಾಲು ತುರಿಸಿತು.

ಮೊದಲ ಕೆಲಸ, ಬೇರೆ ದಾರಿಗಳನ್ನೆಲ್ಲ ತೂಗಿ ನೋಡಿದ್ದು. ಭಾದ್ರಪದ ಹುಣ್ಣಿಮೆಯ ಅಂಬಾಜಿ? ಅಹಮದಾಬಾದಿನಿಂದ ಸುಮಾರು 180 ಕಿಲೋಮೀಟರು, ಅಷ್ಟು ರಾತ್ರಿಗಳಿಗೆ ಎಲ್ಲಿ ಮಲಗುವುದು? ಗಿರ್ನಾರಿನ ಲೀಲಿ ಪರಿಕ್ರಮೆ 36 ಕಿಲೋಮೀಟರಷ್ಟೇ, ಆದರೆ ಕಾಡು. ಸಿಂಹಗಳಿರುವ ಕಡೆ ರೂಮು ಸಿಕ್ಕರೂ ಬೇಡ. ಡಾಕೋರು 80 ಕಿಲೋಮೀಟರಿನ ಆಸುಪಾಸು. ಜೊತೆಗೆ ಆಣಂದ್–ಗೋಧ್ರಾ ಮಾರ್ಗದಲ್ಲಿ ಅದಕ್ಕೊಂದು ರೈಲು ನಿಲ್ದಾಣವಿದೆ. ಹೊರಡುವ ಮೊದಲೇ ಹಿಂದಿರುಗುವ ದಾರಿ ಕಂಡ ಮೇಲೆ ರಾಯರಿಗೆ ಭಕ್ತಿ ಉಕ್ಕಿತು.

ಎರಡನೆಯದು ಫೋನು. ಡಾಕೋರಿನಲ್ಲಿ ಧರ್ಮಶಾಲೆಗಳಿಗೇನು, ಬೇಕಾದಷ್ಟಿವೆ. ಪೂನಮ್ಮಿನ ಜನ ಅದಕ್ಕಿಂತ ಬೇಕಾದಷ್ಟು. ಒಂದು ಧರ್ಮಶಾಲೆಯ ಮುನೀಮರೊಂದಿಗೆ ರಾಯರು ನಡೆಸಿದ ಸಂಭಾಷಣೆ ನನ್ನ ಎದುರೇ ಆಯಿತು.

"ಪೂನಮ್‌ಗೆ ಒಂದು ರೂಮು ಬೇಕಿತ್ತು."

"ಆವೋ ನೇ." ಬನ್ನಿ ಅಂದರೆ ಬನ್ನಿ.

"ಬರ್ತೀನಿ. ರೂಮು ಇರುತ್ತಾ?"

"ಥೈ ಜಶೇ, ರಾವ್‌ಭಾಯ್."

"ಕೆಳಗಡೆಯದೇ ಬೇಕು. ಅಡ್ವಾನ್ಸ್ ಎಷ್ಟು ಕಳಿಸಲಿ?"

"ಅಡ್ವಾನ್ಸ್ ಯಾಕೆ? ಥೈ ಜಶೇ!"

ರಾಯರು ಫೋನಿಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: 'ಆಗುತ್ತದಂತೆ. ಖಾತ್ರಿಯಿಲ್ಲ.' ದುಡ್ಡು ಬೇಡವೆನ್ನುವವನನ್ನು ನಂಬಬಾರದೆಂದು ಬ್ಯಾಂಕು ಅವರಿಗೆ ಚೆನ್ನಾಗಿ ಕಲಿಸಿತ್ತು.

ಸೂರತ್ತಿನಲ್ಲಿ ಅವರ ಹೆಂಡತಿಯ ತಮ್ಮನಿದ್ದಾನೆ. "ಭಾವ, ನೀವು ಆರಾಮಾಗಿ ನಡೀರಿ. ನಾನು ಮುಂಚಿನ ದಿನವೇ ರೈಲಲ್ಲಿ ಆಣಂದಿಗೆ ಬಂದು, ಅಲ್ಲಿಂದ ಡಾಕೋರಿಗೆ ಹೋಗಿ ರೂಮು ಹಿಡಿದಿರ್ತೀನಿ. ಅದು ನನ್ನ ತಲೆಗಿರಲಿ" ಎಂದ. ಆ ತಲೆಯ ಪರಿಚಯ ರಾಯರಿಗೆ ಅವನ ಜವಳ ತೆಗೆಸಿದಂದಿನಿಂದ ಇದ್ದುದರಿಂದ ಅಂದು ರಾತ್ರಿ ನಿದ್ದೆ ಬರಲಿಲ್ಲ. ವಡೋದರಾದ ಗೆಳೆಯರು, ರಿಫೈನರಿಯ ಸೇಫ್ಟಿ ವಿಭಾಗದಲ್ಲಿದ್ದವರು, ನಾನೂ ಜೊತೆಗೆ ಬರುತ್ತೇನೆಂದು ಹೇಳಿ, ದಾರಿಯಲ್ಲಿ ಏನೇನು ಆಗಬಹುದು ಎಂಬುದರ ಪಟ್ಟಿ ಕಳಿಸಿಕೊಟ್ಟರು. ಬಿಸಿಲ ಹೊಡೆತದಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲವೂ ಅದರಲ್ಲಿತ್ತು.

ಅಭ್ಯಾಸಕ್ಕೆ ಕಾಂಕರಿಯಾ ಕೆರೆ ಇತ್ತು. 1451ರಲ್ಲಿ ಸುಲ್ತಾನ ಕುತ್ಬುದ್ದೀನ್ ಆ ಕೆರೆಯನ್ನು ಪೂರ್ತಿ ಮಾಡಿಸಿದಾಗ ಮೈಸೂರಿನವರೊಬ್ಬರು ತುಂಬಿದ ಚೀಲ ಹೊತ್ತು, ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಪ್ರದಕ್ಷಿಣೆ ಬರುತ್ತಾರೆಂದು ಎಣಿಸಿರಲಾರ. ಚೀಲದಲ್ಲಿ ಏನಿತ್ತು ಕೇಳಿ: ಹರಳೆಣ್ಣೆ, ವ್ಯಾಸಲೀನು, ಬೊಬ್ಬೆಗೆ ಸೂಜಿದಾರ, ಓಆರ್‌ಎಸ್ ಪೊಟ್ಟಣಗಳು, ಚಟ್ನಿಪುಡಿ, ಹಗ್ಗ, ಮತ್ತು ಮೂರು ಬೀಗ. ಧರ್ಮಶಾಲೆಯಲ್ಲಿ ಬಾಗಿಲು ಅವರದು, ಬೀಗ ನಮ್ಮದು. ಇದು ತಿಳಿದವರು ಒಂದು ಬೀಗ ಒಯ್ಯುತ್ತಾರೆ. ಯಾವ ಚಿಲಕಕ್ಕೆ ಯಾವ ಗಾತ್ರವೋ ಎಂದು ರಾಯರು ಮೂರು ಒಯ್ಯುತ್ತಾರೆ.

ಪಕ್ಕದ ಮನೆಯ ಬಾ, ಎಪ್ಪತ್ತು ದಾಟಿದ ಅಜ್ಜಿ, ಇದನ್ನೆಲ್ಲ ನೋಡಿ ನಕ್ಕರು. ಡಾಕೋರಿಗೆ ನಡೆದೂ ನಡೆದೂ ಅವರ ಕಾಲಿಗೆ ದಾರಿ ಬಾಯಿಪಾಠ. ಅವರ ಸಾಮಾನು ಒಂದು ಪ್ಲಾಸ್ಟಿಕ್ ಚೀಲ, ಒಂದು ಸ್ಟೀಲ್ ಲೋಟ. "ಭಕ್ತ ಬೋಡಾಣಾ ಅಂಗೈಯಲ್ಲಿ ತುಳಸಿ ಹಿಡಕೊಂಡು ಆರಾರು ತಿಂಗಳಿಗೆ ಡಾಕೋರಿನಿಂದ ದ್ವಾರಕೆಗೇ ನಡೆದು ಹೋಗ್ತಿದ್ದ. ಅವನು ಎಲ್ಲಿ ರೂಮು ಹಿಡಿದಿದ್ದ? ಮುಪ್ಪಿನಲ್ಲಿ ಅವನ ಗಾಡಿಯಲ್ಲಿ ಭಗವಾನರೇ ಕೂತು ಡಾಕೋರಿಗೆ ಬಂದರಲ್ಲ, ಉಮ್ರೇಠ್ ಹತ್ತಿರ ನಿಂತದ್ದು ಬೇವಿನ ಮರದ ಕೆಳಗೆ. ಹಿಡಿದ ಕೊಂಬೆ ಸಿಹಿಯಾಯ್ತು."

ರಾಯರು ಭಾಗವತ ಓದಿದವರು, ಬಿಡುತ್ತಾರೆಯೇ? "ನಿಮ್ಮ ರಣಛೋಡ್‌ರಾಯ್ ಜರಾಸಂಧನ ಎದುರಿನಿಂದ ಓಡಿದ್ದು ನಿಜ. ಆದರೆ ಸಮುದ್ರದ ನಡುವೆ ದ್ವಾರಕೆ ಕಟ್ಟಿಸಿ, ಜನರನ್ನೆಲ್ಲ ಅಲ್ಲಿ ಇಳಿಸಿ, ಆಮೇಲೆ ಓಡಿದ್ದು. ದೇವರೂ ವಸತಿ ಮುಂಗಡ ಮಾಡಿಕೊಂಡೇ ಹೊರಟದ್ದು, ಬಾ!"

ಬಾ ಅವರಿಗೆ ಇದಕ್ಕೆ ಉತ್ತರ ಇರಲಿಲ್ಲ, ಅಥವಾ ಬೇಕೆನಿಸಲಿಲ್ಲ. ಒಳಗಿನಿಂದ ಸುಖಡಿ ತಂದು ರಾಯರ ಕೈಗಿಟ್ಟರು.

ಇಷ್ಟೆಲ್ಲ ರೂಮಿನ ಧ್ಯಾನ ಯಾಕೆಂದು ನನಗೂ ಬಹಳ ದಿನ ತಿಳಿಯಲಿಲ್ಲ. ಕೊನೆಗೆ ಅವರ ಹೆಂಡತಿಯೇ ಹೇಳಿದರು: "ಮಲಗೋಕಲ್ಲ ಕಣ್ರೀ. ಬೆಳಿಗ್ಗೆ ಅವರಿಗೆ ಕುರ್ಚಿ ಥರದ್ದೇ ಬೇಕು." ಮಂಡಿ ಬಗ್ಗದ ವಯಸ್ಸಿನಲ್ಲಿ ಅಧ್ಯಾತ್ಮದ ದೊಡ್ಡ ಪ್ರಶ್ನೆ ಕಮೋಡು. ಎಲ್ಲರನ್ನೂ ಕಾಡುವ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ರಾಯರು ಅದನ್ನೇ 'ಕೆಳಗಡೆಯ ರೂಮು', 'ಗಾಳಿ ಬೆಳಕು', 'ಬಾಕಿ ವ್ಯವಸ್ಥೆ' ಎಂದು ಮಡಿ ಉಡಿಸಿ ಕೇಳುತ್ತಿದ್ದರು.

ಹೊರಟದ್ದು ಬಿಸಿಲಿಳಿದ ಮೇಲೆ. ಮುಂದೆ ಧಜಾ, ಹಿಂದೆ ಟೆಂಪೋದಲ್ಲಿ ಭಜನೆಯ ಅಬ್ಬರ, ನಡುವೆ ಜೈ ರಣಛೋಡ್ ಎಂಬ ಕೂಗು. ಹಾಥೀಜಣ್ ದಾಟುತ್ತಿದ್ದಂತೆ ಸೇವಾ ಕ್ಯಾಂಪುಗಳು ಶುರು. ಚಹಾ, ಮಜ್ಜಿಗೆ, ಕಲ್ಲಂಗಡಿ, ಖಿಚಡಿ-ಕಢಿ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಇನ್ನೊಂದು ಶಾಮಿಯಾನ, ಇನ್ನೊಂದು ಒತ್ತಾಯ. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ಬಾಗಲಕೋಟೆ, ವಿಜಯಪುರದವರಿಗೆ ಇದು ಹೊಸತಲ್ಲ. ಅವರಿಗೂ ದಾರಿಯುದ್ದಕ್ಕೂ ದಾಸೋಹ. ನಮ್ಮ ರಾಯರಿಗೆ ಮಾತ್ರ ಕೇಳದೆ ಬಂದ ಚಹಾ ಗಂಟಲಲ್ಲಿ ಇಳಿಯಲೊಲ್ಲದು. "ಇಲ್ಲಿ ಮೊದಲೇ ಹೆಸರು ಕೊಟ್ಟಿರಬೇಕಿತ್ತಾ?" ಎಂದು ಅವರು ಕೇಳಿದರೆ ಹುಡುಗನೊಬ್ಬ "ಕಾಕಾ, ಬೇಸೋ ಬೇಸೋ" ಎನ್ನುತ್ತ ತೋಳು ಹಿಡಿದು ಕೂರಿಸಿ, ಅವರ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕತೊಡಗಿದ. ರಾಯರು ಕಾಲೆಳೆದುಕೊಂಡರು, ಅವನು ಎಳೆದುಕೊಂಡ. ಎಣ್ಣೆ ಬಿದ್ದ ಕಾಲು ಜಾರುತ್ತಿದ್ದುದರಿಂದ ಸ್ವಲ್ಪ ಹೊತ್ತು ಯಾರೂ ಗೆಲ್ಲಲಿಲ್ಲ. ಆಮೇಲೆ ರಾಯರು ಕಣ್ಣು ಮುಚ್ಚಿ ಇನ್ನೊಂದು ಕಾಲನ್ನೂ ಕೊಟ್ಟರು.

ಮಲಗಲು ಸಿಕ್ಕಿದ್ದು ಗೋಡೆಯೇ ಇಲ್ಲದ ಶಾಮಿಯಾನ. ಮೂರು ಬೀಗಗಳಲ್ಲಿ ಚಿಕ್ಕದನ್ನು ಚೀಲದ ಜಿಪ್ಪಿಗೆ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು, ರಾತ್ರಿಯಿಡೀ ಅದನ್ನು ಮುಟ್ಟಿ ನೋಡಿಕೊಂಡರು.

ಮರುದಿನ ಮಹೇಮದಾವಾದ್ ಕಳೆದು ಮಹುಧಾ ಬರುವ ಹೊತ್ತಿಗೆ ವಡೋದರಾದ ಗೆಳೆಯರು ರಸ್ತೆ ಬದಿಯಲ್ಲಿ ಕುಕ್ಕರಿಸಿದರು. ಎದೆ ಡವಡವ ಅನ್ನುತ್ತಿದೆ, ಕಾಲು ಬೊಬ್ಬೆ, ನನ್ನಿಂದಾಗದು, ಯಾರಿಗಾದರೂ ಫೋನು ಮಾಡಿ. ಪಟ್ಟಿ ಬರೆದವರಿಗೆ ಪಟ್ಟಿಯೇ ಎದ್ದು ಬಂದಂತಾಗಿತ್ತು. ಆ ಹತ್ತು ನಿಮಿಷ ರಾಯರನ್ನು ನೋಡಬೇಕಿತ್ತು. ಬೀಗ ತೆಗೆದರು, ನಾಡಿ ಹಿಡಿದರು, ಓಆರ್‌ಎಸ್ ಕಲಸಿ ಕುಡಿಸಿದರು, ಸೂಜಿಯನ್ನು ಬೆಂಕಿಕಡ್ಡಿಯಲ್ಲಿ ಕಾಯಿಸಿ ಬೊಬ್ಬೆಯೊಳಗೆ ದಾರ ಹಾಯಿಸಿ ನೀರು ಇಳಿಸಿದರು. ಆಮೇಲೆ ಎದುರಿನ ಮನೆಯ ಬಾಗಿಲಿಗೇ ಹೋಗಿ, ಗುರುತು ಪರಿಚಯವಿಲ್ಲದ ಹೆಂಗಸಿಗೆ "ಬೆನ್, ಕಮೋಡ್ ಇದೆಯಾ?" ಎಂದು ನೇರವಾಗಿ ಕೇಳಿದರು. ಗೆಳೆಯರ ಹೆಸರಿನಲ್ಲಿ. ಇತ್ತು. ಮೊದಲು ಹೋಗಿ ಬಂದದ್ದು ರಾಯರು.

ಧೈರ್ಯ ಹೇಳಿಸಿಕೊಂಡು ಧೈರ್ಯ ಬಂದವರನ್ನು ನಾನು ಕಂಡಿಲ್ಲ. ತಮಗಿಂತ ಹೆಚ್ಚು ಹೆದರಿದವನೊಬ್ಬ ಸಿಕ್ಕರೆ ಮುಂಗಡ ರಾಯರಂಥವರು ಬೆಟ್ಟವನ್ನೂ ಎತ್ತುತ್ತಾರೆ. ಅಲೀಣಾ ದಾಟಿ ಡಾಕೋರು ಸೇರುವವರೆಗೆ ರೂಮಿನ ಮಾತೇ ಇಲ್ಲ.

ದರ್ಶನ ಆಯಿತು. 1772ರಲ್ಲಿ ಕಟ್ಟಿದ ಆ ಗುಡಿಯ ಅಂಗಳದಲ್ಲಿ ಗುಲಾಲು ಎಷ್ಟಿತ್ತೆಂದರೆ ರಾಯರ ಕಿವಿಯೊಳಗೂ ಹೋಳಿ. ಧರ್ಮಶಾಲೆಯಲ್ಲಿ ಮೈದುನ ಮಾತು ಉಳಿಸಿಕೊಂಡಿದ್ದ, ಕೆಳಗಡೆಯದೇ ರೂಮು ಹಿಡಿದಿದ್ದ. ಅದರಲ್ಲಿ ರೈಲಿನಲ್ಲಿ ಪರಿಚಯವಾದ ಸೂರತ್ತಿನ ಅಜ್ಜಿಯರನ್ನು ಉದ್ದಕ್ಕೂ ಅಡ್ಡಕ್ಕೂ ಮಲಗಿಸಿ, ಹೊರಗೆ ಕೂತು ಮೊಸರಿನಲ್ಲಿ ಗೋಟಾ ಅದ್ದಿ ತಿನ್ನುತ್ತಿದ್ದ. "ಪಾಪ, ವಯಸ್ಸಾದವರು ಭಾವ. ನಿಮಗೇನು, ಥೈ ಜಶೇ!"

ರಾಯರು ಸಿಟ್ಟಾಗಲಿಲ್ಲ. ಎಲೆಯಿಂದ ಒಂದು ಗೋಟಾ ಎತ್ತಿಕೊಂಡು ನೆಟ್ಟಗೆ ಮುನೀಮರ ಗಲ್ಲಾದ ಮುಂದೆ ನಿಂತು, ಮುಂದಿನ ಫಾಗಣ್ ಪೂನಮ್‌ಗೆ ಇದೇ ರೂಮು ಬರೆದುಕೊಳ್ಳಿ ಎಂದರು. ಮುನೀಮರು ಈ ಕಾಟ ತಪ್ಪಿಸಿಕೊಳ್ಳಲು, "ಮುಂದಿನ ವರ್ಷ ಯಾವ ತಾರೀಖು ಬೀಳುತ್ತೋ ಯಾರಿಗೆ ಗೊತ್ತು, ರಾವ್‌ಭಾಯ್?" ಎಂದು ಪುಸ್ತಕ ಮುಚ್ಚಿದರು.

ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ರಾಯರು ಚೀಲದ ಬೀಗ ತೆಗೆದು ಹೊಸ ವರ್ಷದ ಒಂಟಿಕೊಪ್ಪಲ್ ಪಂಚಾಂಗ ಹೊರತೆಗೆದರು.